ಮೆಲ್ಲಡಿಯಮ್ಮ ಬೆಟ್ಟವಿಳಿದು ಹಡ್ಲಿಗೆ ಬಂದ ಕಥೆ

ಶ್ರೀ ಮೃದುಪದಾಂಬಿಕೆಯ ಸನ್ನಿಧಿಯನ್ನು ಅರಸಿ ದೂರದೂರುಗಳಿಂದ ಆಗಮಿಸುವ ಭಕ್ತಮಹಾಶಯರು ಬಸ್ಸಿನಿಂದ ಇಳಿದೊಡನೆ ಪಂಚೆಯನ್ನು ಮೇಲಕ್ಕೆ ಕಟ್ಟಿ, ತಲೆಯೆತ್ತಿ ಆಕಾಶದ ಕಡೆ ನೋಡಿ, "ಮೆಟ್ಟಿಲು ಎಲ್ಲಿಂದ ಶುರು ಸ್ವಾಮಿ?" ಎಂದು ಕೇಳುವುದುಂಟು. ಮೆಟ್ಟಿಲಿಲ್ಲ. ಇಲ್ಲವೆಂದೊಡನೆ ಅವರ ಮುಖ ಸಣ್ಣಗಾಗುತ್ತದೆ. ಇಷ್ಟು ದೂರ ಬಂದು ಬೆವರು ಹರಿಸದೆ ಹಿಂದಿರುಗಿದರೆ ಪುಣ್ಯ ದಕ್ಕೀತೇ ಎಂಬ ಅನುಮಾನ ಅವರಿಗೆ. ಕಾಡಿನ ನೆರಳಿನಲ್ಲಿ ಒಂದಿಷ್ಟು, ಹೊಳೆಯ ದಂಡೆಯಲ್ಲಿ ಒಂದಿಷ್ಟು, ಹಡ್ಲಿನ ಅಂಚಿನಲ್ಲಿ ಒಂದಿಷ್ಟು ನಡೆದರೆ ಅಮ್ಮನವರ ಸ್ಥಾನ. ಬಸುರಿಯರೂ ಮಂಡಿನೋವಿನವರೂ ಈಗಷ್ಟೇ ನಡೆಯಲು ಕಲಿತ ಮಕ್ಕಳೂ ಕ್ರಮಿಸಬಹುದಾದ ಹಾದಿ. "ಇದೇನು, ವಾಯುವಿಹಾರಕ್ಕೆ ಬಂದ ಹಾಗಾಯಿತಲ್ಲ" ಎಂದು ಒಬ್ಬ ಮಹನೀಯರು ನನ್ನೆದುರಿಗೇ ಮೂಗು ಮುರಿದರು. ಅರ್ಚಕನಾದ ನಾನು ಅಂದು ಅವರಿಗೆ ತೀರ್ಥಪ್ರಸಾದ ಕೊಟ್ಟೆ, ಉತ್ತರ ಕೊಡಲಿಲ್ಲ. ಗರ್ಭಗುಡಿಯ ಮುಂದೆ ನಿಂತು ಜಗಳವಾಡುವುದು ಒಳ್ಳೆಯದಲ್ಲ. ಉತ್ತರವನ್ನು ಈ ಕಿರುಹೊತ್ತಗೆಯಲ್ಲಿ ಸಾವಧಾನವಾಗಿ ಬರೆದಿದ್ದೇನೆ. ಆ ಮಹನೀಯರು ಮತ್ತೆ ಬಂದರೆ ಒಂದು ಪ್ರತಿಯನ್ನು ನಾನೇ ಅವರ ಕೈಗಿಡುವವನಿದ್ದೇನೆ.

ದ್ವಾಪರಯುಗವು ಮುಗಿಯುತ್ತ ಬಂದಿದ್ದ ಪುರಾತನ ಕಾಲದಲ್ಲಿ, ಹೊನ್ನೆ ಮತ್ತಿ ತಡಸಲು ಬಿದಿರುಗಳಿಂದ ನಿಬಿಡವಾಗಿ, ಮೃಗಪಕ್ಷಿಸಂಕುಲಗಳಿಂದ ಸಮಾವೃತವಾಗಿ, ಛಾಯಾವನವೆಂದು ಖ್ಯಾತವಾಗಿದ್ದ ಈ ಅರಣ್ಯದ ಪಶ್ಚಿಮದಲ್ಲಿ ಸೌಮ್ಯೆಯೆಂಬ ನದಿಯು ಇಂದಿನಂತೆಯೇ ಅಂದೂ ಸದ್ದಿಲ್ಲದೆ ಹರಿಯುತ್ತಿರಲಾಗಿ, ನದಿಯಾಚೆಗೆ ಮರವೊಂದೂ ಇಲ್ಲದೆ ಜೊಂಡು ಹುಲ್ಲುಗಳಷ್ಟೇ ಬೆಳೆದು, ವರ್ಷದ ಬಹುಭಾಗ ಕಾಲಿಟ್ಟಲ್ಲಿ ನೀರು ಜಿನುಗುವ ಜೌಗು ಬಯಲೊಂದು ವಿಸ್ತಾರವಾಗಿ ಹಬ್ಬಿತ್ತು. ಅದಕ್ಕೆ ನಮ್ಮ ಸೀಮೆಯ ಜನ ಹಡ್ಲು ಎನ್ನುತ್ತಾರೆ. ಇವೆಲ್ಲಕ್ಕೂ ಪೂರ್ವದಲ್ಲಿ, ಮೇಘಗಳನ್ನು ತಡೆದು ನಿಲ್ಲಿಸುವಷ್ಟು ಉನ್ನತವೂ ಆಡು ಸಹ ಹಿಂಜರಿಯುವಷ್ಟು ಕಡಿದಾದುದೂ ಆದ ವಜ್ರಶಿಖರವೆಂಬ ಬೆಟ್ಟವಿತ್ತು. ಈಗಲೂ ಇದೆ, ಬಸ್ ನಿಲ್ದಾಣದಿಂದಲೇ ಕಾಣುತ್ತದೆ.

ಆ ಶಿಖರಾಗ್ರದಲ್ಲಿ ಘೋರತಪಸ್ಸನ್ನಾಚರಿಸಿ, ಜಗನ್ಮಾತೆಯನ್ನು ಪ್ರತ್ಯಕ್ಷಗೊಳಿಸಿಕೊಂಡು, ಅಲ್ಲಿಯೇ ಶಿಲಾಮೂರ್ತಿಯಲ್ಲಿ ನೆಲೆಗೊಳಿಸಿದವನು ದೃಢಜಾನು ಎಂಬ ಮಹರ್ಷಿ. ಅವನ ಕಾಲುಗಳ ಬಲ ಎಂಥದೆಂದರೆ, ಬ್ರಾಹ್ಮೀಮುಹೂರ್ತದಲ್ಲಿ ಬೆಟ್ಟವಿಳಿದು, ಸೌಮ್ಯಾನದಿಯಲ್ಲಿ ಮಿಂದು, ಅಭಿಷೇಕಜಲದ ಕೊಡವನ್ನು ಹೆಗಲಿಗೇರಿಸಿ, ಸೂರ್ಯೋದಯಕ್ಕೆ ಸರಿಯಾಗಿ ಮೇಲೆ ಹಾಜರು. ಉಸಿರು ಒಂದಿಷ್ಟೂ ಏರಿರುತ್ತಿರಲಿಲ್ಲ. ಸ್ವಶರೀರಕ್ಕೆ ಸುಲಭವಾದುದು ಲೋಕಕ್ಕೆಲ್ಲ ಸುಲಭವೆಂದೇ ಅವನು ತಿಳಿದಿದ್ದನು. ದೇವಿಗೆ ಹರಕೆ ಒಪ್ಪಿಸಬರುವವರು ಸ್ವಪಾದಗಳಿಂದಲೇ ಆರೋಹಣಗೈಯತಕ್ಕದ್ದು, ಪರರಿಂದ ಹೊರಿಸಿಕೊಂಡು ಬಂದವರ ಹರಕೆ ಸಲ್ಲತಕ್ಕದ್ದಲ್ಲ, ನಡುದಾರಿಯಲ್ಲಿ ಕುಳಿತವರು ಪುನಃ ಬೆಟ್ಟದ ಬುಡದಿಂದಲೇ ಆರಂಭಿಸತಕ್ಕದ್ದು ಎಂದು ಕಟ್ಟಳೆ ವಿಧಿಸಿದ್ದನು. ಕೆಟ್ಟವನಲ್ಲ, ಪಾಪ. ಯಾರ ಮೇಲೂ ಕೈಯೆತ್ತಿದವನಲ್ಲ, ಶಾಪವಿತ್ತವನಲ್ಲ. ಆಯಾಸವೆಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ಛಾಯಾವನದ ಅಂಚಿನ ದನಗಾಹಿಗಳ ಹಟ್ಟಿಯಲ್ಲಿ ಕಂಚವ್ವ ಎಂಬ ಸಾಧ್ವಿಯಿದ್ದಳು. ಗಂಡ ಎತ್ತಪ್ಪನು ಮಂದೆಯ ಹಿಂದೆ ದೂರದ ಹುಲ್ಲುಗಾವಲುಗಳಲ್ಲೇ ವರ್ಷದ ಹೆಚ್ಚು ಭಾಗ ಕಳೆಯುವವನು. ಹುಟ್ಟಿದ ಮಕ್ಕಳು ಒಂದೊಂದಾಗಿ ಜ್ವರಕ್ಕೆ ಹೋಗಿ, ಕಡೆಗೆ ಉಳಿದದ್ದು ಒಂದು ಹೆಣ್ಣುಕೂಸು. ಮೊಲೆಹಾಲು ಬಿಡುವ ವಯಸ್ಸಿಗೆ ಅದಕ್ಕೂ ಅದೇ ಜ್ವರ ಬಂದಿತು. ಮೈ ಕಾದ ಹೆಂಚಾಗಿ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಾಗ ಕಂಚವ್ವ ಕೂಸನ್ನು ಎತ್ತಿಕೊಂಡು ಕೊಟ್ಟಿಗೆಯ ಮುಂದಕ್ಕೆ ಬಂದು, ಸಂಜೆಬಿಸಿಲಲ್ಲಿ ಕಾಣುತ್ತಿದ್ದ ಶಿಖರದ ಕಡೆ ತಿರುಗಿ ನಿಂತಳು. ಕರುವನ್ನು ಬಿಡುತ್ತೇನೆ, ಮುಡಿ ಕೊಡುತ್ತೇನೆ ಎಂಬ ಹರಕೆಗಳನ್ನೆಲ್ಲ ಹೋದ ಮಕ್ಕಳಿಗಾಗಿ ಹಿಂದೆಯೇ ಹೊತ್ತಾಗಿತ್ತು, ಅವಾವುವೂ ಫಲಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಕೂಗಿಬಿಟ್ಟಳು.

"ಅವ್ವಾ, ಬೆಟ್ಟದವ್ವಾ! ಇದೊಂದನ್ನ ಉಳಿಸ್ಕೊಡು. ಇದರ ಕಾಲಲ್ಲೇ ನಡೆಸ್ಕೊಂಡು ನಿನ್ನ ತಾವಕ್ಕೆ ಬತ್ತೀನಿ!"

ಜ್ವರ ಬಿಟ್ಟಿತು. ಆದರೆ ಬಿಟ್ಟು ಹೋಗುವಾಗ ಕೂಸಿನ ಎಡಗಾಲಿನ ಕಸುವನ್ನೂ ಕೊಂಡುಹೋಯಿತು.

ಅಯ್ಯೋ, ಆ ತಾಯಿಯ ಸ್ಥಿತಿಯನ್ನು ನೆನೆದರೆ ಬರೆಯುವ ಕೈ ನಿಲ್ಲುತ್ತದೆ. ಬೇಡಿದ್ದು ದಕ್ಕಿದೆ, ಕೊಡುತ್ತೇನೆಂದದ್ದನ್ನು ಕೊಡುವ ದಾರಿಯೇ ಮುಚ್ಚಿದೆ. ಹರಕೆ ಹೊತ್ತವರು ಅದನ್ನು ತಿದ್ದುವಂತಿಲ್ಲ. ಇದರ ಮೇಲೆ ಆ ಹಟ್ಟಿಯವರ ಸಂಪ್ರದಾಯವೊಂದಿತ್ತು: ಹರಕೆ ತೀರದ ಕೂಸಿಗೆ ಹೆಸರಿಡಬಾರದು, ಹಾಲುಹಲ್ಲು ಬೀಳುವುದರೊಳಗೆ ಹರಕೆ ಸಲ್ಲದಿದ್ದರೆ ಆ ಕೂಸು ಹೆತ್ತವರದಲ್ಲ, ದೇವಿಯದು, ಬೆಟ್ಟದ ಮೇಲಿನ ಮಹರ್ಷಿಯ ಆಶ್ರಮಕ್ಕೆ ಒಪ್ಪಿಸಿ, ಹಿಂದಿರುಗಿ ನೋಡದೆ ಬರತಕ್ಕದ್ದು. ಹೀಗಾಗಿ ಆ ಹುಡುಗಿಯು ಓಡಾಡುವ, ಮಾತಾಡುವ, ಹಟಮಾಡುವ ವಯಸ್ಸಿಗೆ ಬಂದರೂ ಎಲ್ಲರ ಬಾಯಲ್ಲಿ ಬರಿಯ ಕೂಸಾಗಿಯೇ ಉಳಿದಳು. ಎಡಗಾಲು ನೆಲಕ್ಕೆ ಎಳೆಯುತ್ತಿತ್ತು. ಒಂದು ಕೊಟ್ಟಿಗೆಯಿಂದ ಇನ್ನೊಂದು ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಕುಳಿತುಬಿಡುವಳು.

ಒಂದು ಶುಭದಿನ ಕಂಚವ್ವ ಧೈರ್ಯಮಾಡಿ ಕೂಸಿನ ಕೈಹಿಡಿದು ವಜ್ರಶಿಖರವನ್ನು ಹತ್ತಲಾರಂಭಿಸಿದಳು. ಮೊದಲ ತಿರುವು ಬರುವಷ್ಟರಲ್ಲಿ ಕೂಸು ಬಂಡೆಯೊಂದಕ್ಕೆ ಒರಗಿ ಕುಳಿತಿತು. ಅಭಿಷೇಕದ ಕೊಡವನ್ನು ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದ ಮಹರ್ಷಿಯು ನೋಡಿದನು.

"ತಾಯೇ, ಕುಳಿತವರು ಬುಡದಿಂದ ಬರಬೇಕು."

"ಬುದ್ಧಿ, ಕೂಸು ಕಾಲು ಸಾಕಾಯ್ತು ಅಂತ ಕುಂತ್ಕಂತು. ಎದ್ದು ಬತ್ತದೆ, ಒಂದು ಗಳಿಗೆ ತಡೀರಿ."

"ಕಟ್ಟಳೆಯನ್ನು ನಾನು ಒಬ್ಬರಿಗೆ ಸಡಿಲಿಸಿದರೆ ನಾಳೆ ಇನ್ನೊಬ್ಬರು ಕೇಳುತ್ತಾರೆ."

"ಕೇಳ್ಲಿ ಬುಡಿ. ಅವರಿಗೂ ಕಾಲು ನೋಯ್ತಿರ್ತದೆ." ಕಂಚವ್ವನಿಗೂ ಸಿಟ್ಟು ಬಂದಿತ್ತು. "ಅವ್ವ ನಿಮಗಿಂತ ಮೆತ್ತಗಿದ್ದಾಳೋ ಏನೋ. ಮೇಲಕ್ಕೆ ಹೋಗ್ತೀರಲ್ಲ, ಒಂದು ಮಾತು ಕೇಳಿ ನೋಡಿ."

ಮಹರ್ಷಿಯು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ದಾಪುಗಾಲಿಡುತ್ತ ಮೇಲೇರಿದನು. ತಾಯಿ ಮಗಳು ಹಿಂದಿರುಗಿದರು.

ಬೇರೆಯವಳಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದಳು. ಕಂಚವ್ವನ ಯೋಚನೆಯೇ ಬೇರೆ: ಬೆಟ್ಟ ಹತ್ತಲು ಕಾಲಿಗೆ ಕಸುವು ಬೇಕು, ಕಸುವು ಬರಲು ನಡೆಯಬೇಕು, ನಡೆಯಲು ನೋಯದ ನೆಲ ಬೇಕು. ಅಂದಿನಿಂದ ದಿನವೂ ಮಧ್ಯಾಹ್ನದ ಅಂಬಲಿ ಕುಡಿದ ಮೇಲೆ ಕೂಸನ್ನು ಕರೆದುಕೊಂಡು ಸಮನಾದ ಹಾದಿಯಲ್ಲಿ ಹೊರಟಳು. ಮೊದಲು ಛಾಯಾವನದೊಳಗೆ, ದನಗಳು ನಡೆದು ನಡೆದು ನುಣುಪಾದ ಜಾಡಿನಲ್ಲಿ, ತರಗೆಲೆಯ ಮೇಲೆ. ಕೂಸು ಕುಳಿತರೆ ತಾನೂ ಕುಳಿತು, ಎದ್ದರೆ ತಾನೂ ಎದ್ದು. ಕೆಲವು ದಿನ ಕಾಡು ದಾಟುವಷ್ಟರಲ್ಲೇ ಹೊತ್ತು ಇಳಿಯುತ್ತಿತ್ತು. ಮಳೆಗಾಲ ಕಳೆದು ಚಳಿ ಬರುವ ವೇಳೆಗೆ ಕಾಡು ದಾಟಿ ಸೌಮ್ಯೆಯ ದಂಡೆಯವರೆಗೂ ಬರತೊಡಗಿದರು.

ಅಲ್ಲಿಂದ ಮುಂದೆ ಹಾದಿಯು ಹೊಳೆಯ ಜೊತೆಗೇ ಸಾಗುತ್ತದೆ. ಹೊಂಗೆ ಮತ್ತು ನೇರಳೆ ಮರಗಳು ನೀರಿನ ಮೇಲೆ ಬಾಗಿಕೊಂಡು, ಮಧ್ಯಾಹ್ನದ ಬಿಸಿಲು ಎಲೆಗಳ ನಡುವಿನಿಂದ ಚೂರುಚೂರಾಗಿ ಬೀಳುತ್ತಿರುವಾಗ ಮಿಂಚುಳ್ಳಿಯೊಂದು ಕೊಂಬೆಯಿಂದ ಧುಮುಕಿ ಮೀನನ್ನು ಕಚ್ಚಿಕೊಂಡು ಮತ್ತೆ ಅದೇ ಕೊಂಬೆಗೆ ಬರುತ್ತದೆ. ಕೂಸಿಗೆ ಅದನ್ನು ನೋಡುವುದೆಂದರೆ ಪ್ರಾಣ. ನೋಡಲು ನಿಲ್ಲುವುದು, ನಿಂತು ಸಾಕಾದರೆ ಕೂರುವುದು, ಇನ್ನೊಂದು ಹಕ್ಕಿ ಮುಂದೆ ಕಂಡರೆ ಏಳುವುದು. ಕಾಲನ್ನು ಮರೆತು ನಡೆಯುತ್ತಿದ್ದಳು. "ಮೆಲ್ಲಗೆ ಅಡಿಯಿಡು ಕೂಸೇ, ಓಡೋಗೋ ಹೊಳೆಯಲ್ಲ ಇದು" ಎಂದು ತಾಯಿಯೇ ಹೇಳಬೇಕಾಗುತ್ತಿತ್ತು. ಹೊಳೆ ತಿಳಿಯಾಗಿ ಹರಡಿಕೊಂಡಲ್ಲಿ ಪಾದ ಮುಳುಗುವಷ್ಟೇ ನೀರು. ಅದನ್ನು ದಾಟಿದರೆ ಹಡ್ಲು. ಜೊಂಡಿನ ನಡುವೆ ನೀರುಕೋಳಿಗಳು, ದೂರದಲ್ಲಿ ಕತ್ತೆತ್ತಿ ನೋಡುವ ಕಡವೆಗಳು, ಕಾಲಡಿಯಲ್ಲಿ ಮೆತ್ತನೆಯ ಒದ್ದೆ ಹುಲ್ಲು. ಹಡ್ಲಿನ ನಡುಭಾಗಕ್ಕೆ ಹೋದರೆ ಆನೆಯೂ ಹೂತುಹೋಗುತ್ತದೆ. ಅಂಚಿನಲ್ಲಿ ಮಾತ್ರ, ಹುಲ್ಲಿನ ಬೇರು ಹೆಣೆದುಕೊಂಡ ಕಡೆ, ನೆಲವು ಮನುಷ್ಯರ ಭಾರವನ್ನು ತಾಳುತ್ತದೆ.

"ಅವ್ವ, ನಂಗೆ ಯಾವಾಗ ಹೆಸರಿಡ್ತೀಯ?" ಎಂದಿತು ಕೂಸು ಒಂದು ದಿನ ಆ ಹುಲ್ಲಿನ ಮೇಲೆ ಕುಳಿತು.

"ನಡೆದು ಅವ್ವನ ತಾವಕ್ಕೆ ಹೋದ್ಮೇಲೆ."

"ನಡೀತಾ ಇದ್ದೀನಲ್ಲ?"

ಕಂಚವ್ವ ಕೂಸಿನ ಕಾಲಿಗೆ ಮೆತ್ತಿದ ಕೆಸರನ್ನು ಹುಲ್ಲಿನಿಂದ ಒರೆಸುತ್ತ ಕುಳಿತಳು.

ಇತ್ತ ವಜ್ರಶಿಖರದಲ್ಲಿ ಒಂದು ವಿಚಿತ್ರವು ಸಂಭವಿಸತೊಡಗಿತು. ಮಧ್ಯಾಹ್ನದ ಮಹಾಪೂಜೆಯಾದ ಮೇಲೆ ಮುಚ್ಚಿದ ಗರ್ಭಗೃಹದ ಕದವನ್ನು ಮಹರ್ಷಿಯು ಸಾಯಂಕಾಲ ತೆರೆದು ನೋಡಲಾಗಿ, ಜಗನ್ಮಾತೆಯ ಶಿಲಾಪಾದಗಳು ಕಣಕಾಲಿನವರೆಗೆ ಕೆಸರಾಗಿದ್ದವು. ಸೀರೆಯ ಅಂಚಿಗೆ ಉತ್ತರಾಣಿಯ ಕಾಳುಗಳು ಅಂಟಿದ್ದವು. ಅವನು ಕೆಂಡಾಮಂಡಲವಾದನು. ಯಾವ ಕಿಡಿಗೇಡಿಯ ಕೆಲಸವಿದು? ಪಾದಗಳನ್ನು ತೊಳೆದು, ಕಾಳುಗಳನ್ನು ಒಂದೊಂದಾಗಿ ಕಿತ್ತು, ಮರುದಿನ ಕದಕ್ಕೆ ಎರಡು ಅಗುಳಿ ಹಾಕಿದನು. ಮರುದಿನವೂ ಕೆಸರು. ಅದರ ಮರುದಿನ ಕದಕ್ಕೆ ಬೆನ್ನುಕೊಟ್ಟು ತಾನೇ ಕುಳಿತನು. ಒಂದು ಇರುವೆಯೂ ಒಳಹೊಕ್ಕಿದ್ದನ್ನು ಕಾಣಲಿಲ್ಲ, ತೆರೆದರೆ ಕೆಸರು ಇನ್ನೂ ಹಸಿಯಾಗಿತ್ತು, ಕಾಲ್ಬೆರಳಿನ ಸಂದಿಯಲ್ಲಿ ಒಂದು ಜೊಂಡಿನ ಗರಿ ಬೇರೆ ಸಿಕ್ಕಿಕೊಂಡಿತ್ತು. ಬೆಟ್ಟದ ಮೇಲೆ ಜೊಂಡು ಎಲ್ಲಿಯದು? ಮಹರ್ಷಿಗೆ ಮೊದಲ ಬಾರಿಗೆ ನಿದ್ದೆ ಹತ್ತಲಿಲ್ಲ.

ಹಟ್ಟಿಯಲ್ಲಿ ಕಂಚವ್ವನಿಗೂ ಅದೇ ಅವಸ್ಥೆ, ಆದರೆ ಕಾರಣ ಬೇರೆ. ಕೂಸಿನ ಮುಂದಿನ ಹಲ್ಲು ಅಲುಗಾಡತೊಡಗಿತ್ತು. ಬೆಳಗೆದ್ದರೆ ಮೊದಲ ಕೆಲಸ, ಕೂಸಿನ ಬಾಯಿಗೆ ಬೆರಳು ಹಾಕಿ ನೋಡುವುದು. ರೊಟ್ಟಿ ನಿಂತಿತು, ಹುರಿಗಾಳು ನಿಂತಿತು, ಕಬ್ಬಿನ ಮಾತೇ ಇಲ್ಲ. ಬರಿಯ ಅಂಬಲಿ, ಅದೂ ಗಂಟಿಲ್ಲದ ಹಾಗೆ ಸೋಸಿ. ಕೂಸು ನಾಲಿಗೆಯಿಂದ ಹಲ್ಲನ್ನು ಆಡಿಸಿದರೆ ತಾಯಿ "ಮುಟ್ಬೇಡ ಕಣೆ, ನಿನ್ನ ದಮ್ಮಯ್ಯ" ಎಂದು ಅಂಗಲಾಚುವಳು. ಕಾಲಿಗೆ ಕಸುವು ಬರುತ್ತಿತ್ತು, ನಿಜ. ಆದರೆ ಅದು ಹಡ್ಲಿನ ಕಸುವು, ಬೆಟ್ಟದ ಕಸುವಲ್ಲವೆಂದು ಅವಳಿಗೂ ಗೊತ್ತಿತ್ತು. ಇನ್ನು ತಡಮಾಡಿದರೆ ಆಗದೆಂದು, ಏನಾದರಾಗಲಿ ನಾಳೆ ಬೆಟ್ಟ ಹತ್ತುವುದೇ ಸರಿಯೆಂದು ಮನಸ್ಸು ಗಟ್ಟಿಮಾಡಿಕೊಂಡು, ಆ ಮಧ್ಯಾಹ್ನವೂ ಎಂದಿನಂತೆ ನಡಿಗೆಗೆ ಹೊರಟಳು.

ಕಾಡು ಕಳೆಯಿತು, ಹೊಳೆ ಕಳೆಯಿತು. ಹಡ್ಲಿನ ಅಂಚಿನಲ್ಲಿ ಒಂದು ಎಲಚಿ ಗಿಡ, ಮೈತುಂಬ ಹಣ್ಣು. ದಿನಗಟ್ಟಲೆ ಅಂಬಲಿ ಕುಡಿದ ಮಗು, ಅದರದೇನು ತಪ್ಪು? ತಾಯಿ ಹಿಂದೆ ತಿರುಗಿ ಸೆರಗಿನ ನೀರು ಹಿಂಡುವಷ್ಟರಲ್ಲಿ ಒಂದು ಹಣ್ಣನ್ನು ಕಿತ್ತು ಬಾಯಿಗೆ ಹಾಕಿ ಕಚ್ಚಿತು. ಎಲಚಿಯ ಬೀಜ ಗಟ್ಟಿ.

"ಅವ್ವಾ, ನೋಡಿಲ್ಲಿ, ಹಲ್ಲು!" ಎಂದು ನಗುತ್ತ ಅಂಗೈ ಚಾಚಿತು.

ಕಂಚವ್ವ ಅಳುತ್ತ ಕೂಸಿನ ಮುಂದೆ ಕುಳಿತಳು. ಆ ಹಲ್ಲನ್ನು ಕಿತ್ತುಕೊಂಡು ಮುಷ್ಟಿಯಲ್ಲಿ ಬಿಗಿಹಿಡಿದಳು. ಎದುರಿಗೇ ಹಡ್ಲು; ಎಸೆದರೆ ಕೆಸರು ನುಂಗಿಬಿಡುತ್ತದೆ, ಯಾರಿಗೆ ತಿಳಿಯಬೇಕು? ಹೀಗೆಂದುಕೊಳ್ಳುತ್ತಿರುವಾಗಲೇ ಜೊಂಡನ್ನು ಸರಿಸಿಕೊಂಡು ದೃಢಜಾನು ಮಹರ್ಷಿಯು ಎದುರಿಗೆ ಬಂದು ನಿಂತನು. ಅಂದು ಅವನು ಕದದ ಮುಂದೆ ಕೂರದೆ ಗುಡಿಯ ಹಿಂಬದಿಯಲ್ಲಿ ಹುಡುಕಿ, ಬಂಡೆಯ ಮೇಲೆ ಯಾರವೆಂದು ತಿಳಿಯದಷ್ಟು ಮಸುಕಾಗಿ ಒಣಗಿದ ಕೆಸರಿನ ಹೆಜ್ಜೆಗಳನ್ನು ಕಂಡು, ಅವುಗಳ ಜಾಡು ಹಿಡಿದು ಬೆಟ್ಟವಿಳಿದು, ಇಲ್ಲಿಯವರೆಗೆ ಬಂದಿದ್ದನು.

"ಏನಾಯಿತು ತಾಯೇ, ಏಕೆ ಅಳುತ್ತಿರುವೆ?"

ಕಂಚವ್ವ ಅವನ ಮುಖ ನೋಡಿದಳು, ಕೂಸಿನ ಮುಖ ನೋಡಿದಳು. ಆಮೇಲೆ ಮುಷ್ಟಿಯನ್ನು ಬಿಚ್ಚಿದಳು.

ಮಹರ್ಷಿಯು ಆ ಹಲ್ಲನ್ನು ನೋಡಿದನು. "ಹಟ್ಟಿಯ ಸಂಪ್ರದಾಯ ನಾನು ಮಾಡಿದ್ದಲ್ಲ. ಆದರೂ ಅದು ಸಂಪ್ರದಾಯ. ಮಗುವನ್ನು ಕರೆದುಕೊಂಡು ಹೋಗಬೇಕು" ಎಂದನು. ಧ್ವನಿಯಲ್ಲಿ ಹಿಂದಿನ ಗಡಸು ಇರಲಿಲ್ಲ.

"ಕರ್ಕೊಂಡೋಗಿ ಬುದ್ಧಿ." ಕಂಚವ್ವ ಕಣ್ಣೊರೆಸಿಕೊಂಡು ಎದ್ದಳು. "ಆದ್ರೆ ಹೊತ್ಕೊಂಡು ಹೋಗಂಗಿಲ್ಲ, ಅದು ನಿಮ್ದೇ ಕಟ್ಟಳೆ. ಅದು ಕುಂತಾಗ ನೀವೂ ಕುಂತ್ಕಳಿ. ಎದ್ದಾಗ ಏಳಿ. ಬಿರಬಿರ್ನೆ ಎಳೀಬೇಡಿ, ಎಡಗಾಲು ಸೋಲ್ತದೆ. ಹಕ್ಕಿ ತೋರ್ಸಿದ್ರೆ ನಡೀತದೆ." ಕೂಸಿನ ಕೈಯನ್ನು ತೆಗೆದು ಅವನ ಕೈಯಲ್ಲಿಟ್ಟಳು.

ಕೈಹಿಡಿದ ಮಹರ್ಷಿಯು ಮಗುವಿಗೆ ಗಟ್ಟಿ ನೆಲ ಯಾವುದೆಂದು ನೋಡಲು ತಲೆತಗ್ಗಿಸಿದನು. ಜನ್ಮದಲ್ಲಿ ಮೊದಲ ಬಾರಿಗೆ ಅವನು ಇನ್ನೊಬ್ಬರ ಕಾಲಿಗಾಗಿ ನೆಲ ನೋಡಬೇಕಾಗಿ ಬಂದದ್ದು. ಒದ್ದೆ ಮಣ್ಣಿನಲ್ಲಿ ಅವರು ಬಂದ ಹೆಜ್ಜೆಗಳು ಸ್ಪಷ್ಟವಾಗಿದ್ದವು. ಅಗಲವಾದವು ತಾಯಿಯವು. ಪುಟ್ಟವು ಕೂಸಿನವು, ಬಲದ್ದು ಪೂರ್ತಿ ಮೂಡಿ, ಎಡದ್ದು ಗೀರಾಗಿ ಎಳೆದುಕೊಂಡು. ಅವುಗಳ ಹಿಂದೆಯೇ ಮತ್ತೊಂದು ಜೊತೆ ಹೆಜ್ಜೆಗಳು ಬಂದಿದ್ದವು. ಅಂಗಾಲಿನಲ್ಲಿ ಪದ್ಮರೇಖೆ. ದಿನವೂ ಬೆಳಗ್ಗೆ ತನ್ನ ಕೈಯಾರೆ ತೊಳೆಯುವ ಪಾದಗಳನ್ನು ಅವನು ಗುರುತಿಸದಿರುವನೇ? ಆದರೆ ಆ ಹೆಜ್ಜೆಗಳಲ್ಲಿಯೂ ಬಲದ್ದಷ್ಟೇ ಪೂರ್ತಿ ಮೂಡಿತ್ತು. ಎಡದ್ದು, ಕೂಸಿನದರಂತೆಯೇ, ಗೀರಾಗಿ ಎಳೆದುಕೊಂಡಿತ್ತು. ಕೂಸು ಕುಳಿತಲ್ಲೆಲ್ಲ, ಪಕ್ಕದಲ್ಲಿ, ಹುಲ್ಲು ಮತ್ತೊಬ್ಬರು ಕುಳಿತಂತೆ ಒರಗಿತ್ತು.

ಮೂರು ಲೋಕಗಳನ್ನು ಮೂರು ಗಳಿಗೆಯಲ್ಲಿ ಸುತ್ತಬಲ್ಲ ಮಹಾತಾಯಿ, ಒಂದು ಮಗುವಿನ ಹಿಂದೆ ಕಾಲೆಳೆದುಕೊಂಡು ನಡೆದಿದ್ದಳು! ಮಹರ್ಷಿಯು ಕೂಸಿನ ಕೈಬಿಡದೆ ಆ ಕೆಸರಿನಲ್ಲಿಯೇ ಮೊಣಕಾಲೂರಿದನು. ಅತ್ತನು, ಹೌದು, ತಪೋಧನನಾದರೂ ಮಕ್ಕಳಂತೆ ಬಿಕ್ಕಿ ಬಿಕ್ಕಿ ಅತ್ತನು. ಆಗ ಜೊಂಡಿನ ಮೇಲೆ ಗಾಳಿ ಸುಳಿದಂತೆ, ಮೃದುಗಂಭೀರವಾದ ವಾಣಿಯೊಂದು ಕೇಳಿಸಿತು.

"ವತ್ಸ ದೃಢಜಾನು, ನಿನ್ನ ತಪಸ್ಸಿಗೆ ಮೆಚ್ಚಿ ಶಿಖರದಲ್ಲಿ ನೆಲೆಸಿದೆನು, ಅಲ್ಲಿಗೆ ಬಲಶಾಲಿಗಳು ಬಂದರು, ಅವರನ್ನೂ ಹರಸಿದೆನು. ಆದರೆ ಬರಲಾರದವರ ಕೂಗು ಕೆಳಗಿನಿಂದ ಕೇಳುತ್ತಿರುವಾಗ ತಾಯಿಯಾದವಳು ಮೇಲೆ ಹೇಗೆ ಕುಳಿತಾಳು? ಈ ಮಗು ಮೊದಲ ದಿನ ಕಾಡಿನಲ್ಲಿ ಕುಳಿತು, ಮತ್ತೆ ಎದ್ದು ಒಂದು ಹೆಜ್ಜೆಯಿಟ್ಟಿತಲ್ಲ, ಆ ಹೆಜ್ಜೆಗೇ ಹರಕೆ ಸಂದಿದೆ. ಅಂದಿನಿಂದ ನಾನು ಇವಳೊಡನೆಯೇ ಇದ್ದೇನೆ. ಕಂಚವ್ವ, ನಿನ್ನ ಮಗಳು ನಿನ್ನವಳೇ, ಕರೆದುಕೋ. ಇಂದು ಮೊದಲ್ಗೊಂಡು ಈ ಹಡ್ಲಿನ ಅಂಚೇ ನನಗೆ ಸನ್ನಿಧಿ, ಈ ನಡಿಗೆಯೇ ನನಗೆ ಪೂಜೆ. ಕುಳಿತು ಎದ್ದು ಬಂದವರು ನನಗೆ ಪ್ರಿಯರು."

ವಾಣಿಯು ನಿಂತಾಗ ಕಂಚವ್ವ ಕೂಸನ್ನು ಬಾಚಿ ಎತ್ತಿಕೊಂಡಳು. ಅಷ್ಟು ದಿನ ಎತ್ತಿಕೊಂಡರೆ ಹರಕೆ ಕೆಟ್ಟೀತೆಂದು ಹೆದರಿ, ದಣಿದಾಗಲೂ ಎತ್ತದೆ ತಡೆದುಕೊಂಡಿದ್ದ ತಾಯಿ. ಈಗ ಎತ್ತಿಕೊಂಡು, ಕೆಸರಾದ ಆ ಎಡಪಾದವನ್ನು ಕೆನ್ನೆಗೊತ್ತಿಕೊಂಡು, ಅಲ್ಲಿಯೇ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು: ಮೆಲ್ಲಡಿ. ಆ ಹೆಸರು ಜಗನ್ಮಾತೆಗೂ ಹಿಡಿಸಿತು. ಮಗುವಿನ ಹೆಸರನ್ನೇ ತಾನೂ ಇಟ್ಟುಕೊಂಡು ಮೆಲ್ಲಡಿಯಮ್ಮನಾದಳು. ಮೃದುಪದಾಂಬಿಕೆ ಎಂಬುದು ಆಮೇಲೆ ಬಂದ ಪಂಡಿತರ ಕೈವಾಡ. ತಪ್ಪೇನಿಲ್ಲ, ಅರ್ಚನೆಗೆ ಚೆನ್ನಾಗಿದೆ, ಆದರೆ ಕರೆದರೆ ಬೇಗ ತಿರುಗುವುದು ಮೆಲ್ಲಡಿಯಮ್ಮ ಎಂದಾಗಲೇ.

ಮಗುವಿನ ಕಾಲು ನೆಟ್ಟಗಾಯಿತೇ ಎಂದು ಕೇಳುವವರಿದ್ದಾರೆ. ಇಲ್ಲ. ಮೆಲ್ಲಡಿಯು ದೊಡ್ಡವಳಾಗಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು ಮುದುಕಿಯಾಗುವವರೆಗೂ ಹಾಗೆಯೇ ಎಡಗಾಲೆಳೆಯುತ್ತ ನಡೆದಳು. ಎಲ್ಲಿಗೆ ಹೋಗಬೇಕೋ ಅಲ್ಲಿಗೆಲ್ಲ ಹೋದಳು. ಮಹರ್ಷಿಯಾದರೋ ಶಿಖರವನ್ನು ತೊರೆದು ಹೊಳೆಯ ದಂಡೆಯಲ್ಲಿ ಎಲೆಮನೆ ಕಟ್ಟಿಕೊಂಡು, ಆ ಮಗುವಿನ ಹಿಂದೆ ನಿಧಾನವಾಗಿ ನಡೆಯುವುದನ್ನು ಅಭ್ಯಾಸಮಾಡಿದನು. ಅದು ತಪಸ್ಸಿಗಿಂತ ಕಷ್ಟವಾಯಿತಂತೆ. ಅಭ್ಯಾಸಬಲದಿಂದ ಮುಂದೆ ಹೋಗಿಬಿಡುವುದು, ಮೆಲ್ಲಡಿ ನಕ್ಕರೆ ನಾಚಿ ಹಿಂದಕ್ಕೆ ಬರುವುದು.

ಹಡ್ಲಿನ ಅಂಚಿನಲ್ಲಿ, ಇಂದು ಗುಡಿಯ ಬಲಭಾಗಕ್ಕಿರುವ ಕಪ್ಪು ಹಾಸುಬಂಡೆಯ ಮೇಲೆ, ಕಲ್ಲಿನಲ್ಲೇ ಮೂಡಿ ನಿಂತ ಆ ಹೆಜ್ಜೆಗಳನ್ನು ಭಕ್ತರು ಈಗಲೂ ನೋಡಬಹುದು. ಅಗಲವಾದ ಒಂದು ಜೊತೆ, ಪುಟ್ಟದೊಂದು ಜೊತೆ, ಪದ್ಮರೇಖೆಯುಳ್ಳ ಇನ್ನೊಂದು ಜೊತೆ. ಎಡಪಾದಗಳೆರಡು ಗೀರಾಗಿ ಎಳೆದುಕೊಂಡಿವೆ. ಬೇಸಗೆಯಲ್ಲಿಯೂ ಆ ಗೀರುಗಳಲ್ಲಿ ನೀರು ಬತ್ತುವುದಿಲ್ಲ, ಅದನ್ನೇ ತೀರ್ಥವಾಗಿ ಕೊಡುತ್ತೇವೆ. ವಜ್ರಶಿಖರದ ಮೇಲೆ ಖಾಲಿ ಪೀಠವೊಂದಿದೆ. ಬೆವರಲೇಬೇಕೆನ್ನುವವರು ಹತ್ತಿ ಬರಬಹುದು. ಗಾಳಿ ಚೆನ್ನಾಗಿದೆ, ಅಮ್ಮ ಮಾತ್ರ ಮನೆಯಲ್ಲಿಲ್ಲ.

ಕಾರ್ತಿಕ ಕಳೆದು ಹಡ್ಲಿನ ನೀರು ಇಳಿದ ಮೇಲೆ ಬರುವ ಮೊದಲ ಮಂಗಳವಾರ ಇಲ್ಲಿ ನಡಿಗೆಯ ಸೇವೆ. ಅದರ ಕಟ್ಟಳೆಗಳು ಕೆಲವೇ. ಅಂದು ಬಂದವರಲ್ಲಿ ಯಾರ ನಡಿಗೆ ಎಲ್ಲರಿಗಿಂತ ನಿಧಾನವೋ ಅವರೇ ಮುಂದೆ. ಅವರನ್ನು ದಾಟಿ ಯಾರೂ ಹೋಗತಕ್ಕದ್ದಲ್ಲ. ಕಾಡಿನಲ್ಲೂ ಹೊಳೆಯ ಬಳಿಯೂ ಹಾಕಿಸಿರುವ ಕೂರುಗಲ್ಲುಗಳ ಮೇಲೆ, ದಣಿದಿರಲಿ ಬಿಡಲಿ, ಎಲ್ಲರೂ ಕುಳಿತು ಏಳತಕ್ಕದ್ದು. ನಡೆಯಲು ಆಗದೆಯೇ ಹೋದವರನ್ನು ಹೆಗಲ ಮೇಲೆ ಕರೆತಂದರೂ ಅಮ್ಮ ಬೇಡವೆನ್ನಳು; ಹೊತ್ತವರ ಕಾಲೇ ಅವರ ಕಾಲು.

ಹೋದ ವರ್ಷದ ಸೇವೆಗೆ ಪೇಟೆಯಿಂದ ಒಬ್ಬ ಮೇಡಂ ಬಂದಿದ್ದರು. ನಿವೃತ್ತ ಉಪಾಧ್ಯಾಯಿನಿ, ಪಾರ್ಶ್ವವಾಯು ಬಡಿದು ಒಂದು ಮಗ್ಗುಲು ಸ್ವಾಧೀನ ತಪ್ಪಿತ್ತು, ಊರುಗೋಲು ಹಿಡಿದಿದ್ದರು. ಬಸ್ಸು ತಡವಾಗಿ ಬಂದದ್ದರಿಂದ ಸೇವೆ ಹೊರಟ ಎಷ್ಟೋ ಹೊತ್ತಿನ ಮೇಲೆ ಹಿಂದೆ ಉಳಿದು ಒಬ್ಬರೇ ನಡೆದು ಬಂದರು. ಅವರು ಹೊಳೆ ದಾಟುವುದು ದೂರದಿಂದ ಕಂಡಿತು, ಕುಳಿತದ್ದು ಕಂಡಿತು, ಎದ್ದದ್ದು ಕಂಡಿತು. ಬಿಸಿಲು ಹೊಂಬಣ್ಣಕ್ಕೆ ತಿರುಗಿತು. ಬಂಡೆಯ ಸುತ್ತ ಜನವೋ ಜನ. ಅವರು ಬಂದು ಆ ಗುಂಪನ್ನು ನೋಡಿ ಗಾಬರಿಯಾಗಿ, "ಕ್ಷಮಿಸಿ, ನನ್ನಿಂದ ಎಲ್ಲರಿಗೂ ತಡವಾಯಿತೇನೋ, ಆರತಿ ಮುಗಿಯಿತೇ?" ಎಂದರು. ಮುಂದೆ ನಿಂತಿದ್ದ ಹಟ್ಟಿಯ ಅಜ್ಜಿಯೊಬ್ಬಳು ಅವರ ಕೈಹಿಡಿದು ನಕ್ಕಳು.

"ಮುಗಿಯೋಕೆ ಮೊದ್ಲು ಹಚ್ಬೇಕಲ್ವಾ ಕಣವ್ವ? ನೀನು ಬರ್ಲಿ ಅಂತ ಕಾಯ್ತಾ ಇದ್ವಿ."

ಈ ಕಥೆಯನ್ನು ಓದಿದವರಿಗೆ, ಕೇಳಿದವರಿಗೆ ಐಶ್ವರ್ಯ ಬರುತ್ತದೆಂದು ನಾನು ಬರೆಯಲಾರೆ. ರೋಗ ವಾಸಿಯಾಗುತ್ತದೆಂದೂ ಬರೆಯಲಾರೆ. ಬರೆಯಬಲ್ಲದ್ದು ಇಷ್ಟು: ಹಾದಿ ಸಮನಾಗಿದೆ, ನೆರಳಿದೆ, ಕೂರಲು ಕಲ್ಲಿದೆ. ಆದಾಗ ಬನ್ನಿ, ಆದಷ್ಟು ನಿಧಾನವಾಗಿ ಬನ್ನಿ. ನೀವು ಬರುವವರೆಗೆ ಆರತಿ ಎತ್ತುವುದಿಲ್ಲ.